ಮಾರ್ಚ್ ಮ್ಯಾಡ್‌ನೆಸ್‌ಗೆ ಮುನ್ನ ಒಂದು ಕಾಲೇಜು ತಂಡವನ್ನು ಓದುವುದು ಹೇಗೆ?

2023ರ ಮಾರ್ಚ್ 17, ಶುಕ್ರವಾರ ರಾತ್ರಿ. ಒಹಾಯೊದ ಕೊಲಂಬಸ್‌ನಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಅಂಗಳಕ್ಕಿಳಿಯಿತು. ಅದು ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿ, ಎಲ್ಲರೂ ಮಾರ್ಚ್ ಮ್ಯಾಡ್‌ನೆಸ್ ಎನ್ನುವುದು ಇದನ್ನೇ. ಆ ತಂಡದ ಝಾಕ್ ಈಡಿಯ ಎತ್ತರ 7 ಅಡಿ 4 ಇಂಚು. ಎದುರಿಗಿದ್ದದ್ದು ಫೇರ್ಲೀ ಡಿಕಿನ್ಸನ್, ಆ ವರ್ಷ ಡಿವಿಷನ್ ಒಂದರ, ಅಂದರೆ ಕಾಲೇಜು ಆಟದ ಮೇಲ್ದರ್ಜೆಯ, 363 ತಂಡಗಳಲ್ಲಿ ಸರಾಸರಿ ಎತ್ತರದಲ್ಲಿ ಕಟ್ಟಕಡೆಯ ತಂಡ. ಪರ್ಡ್ಯೂ 1ನೇ ಸೀಡ್, ಡಿಕಿನ್ಸನ್ 16ನೇ ಸೀಡ್. ಸೀಡ್ ಎಂದರೆ ಟೂರ್ನಿಗೆ ಮುನ್ನ ಬಲ ನೋಡಿ ಕೊಡುವ ಕ್ರಮಸಂಖ್ಯೆ, 1 ಅತಿ ಬಲಿಷ್ಠರಿಗೆ, 16 ಕಟ್ಟಕಡೆಯವರಿಗೆ. ಆಟ ಮುಗಿದಾಗ ಸ್ಕೋರ್ 63-58. ಗೆದ್ದವರು ಕುಳ್ಳರು.

ಮರುದಿನ ಎಲ್ಲರೂ ಇದನ್ನು ಪವಾಡ ಎಂದರು. ಆದರೆ ಐದು ದಿನ ಹಿಂದೆ, ಬಿಗ್ ಟೆನ್ ಕಾನ್ಫರೆನ್ಸಿನ (ತಮ್ಮದೇ ಲೀಗ್ ಆಡುವ ಕಾಲೇಜುಗಳ ಒಂದು ಗುಂಪು) ಫೈನಲ್‌ನಲ್ಲಿ ಇದೇ ಪರ್ಡ್ಯೂ ಪೆನ್ ಸ್ಟೇಟ್ ಎದುರು ಆಡಿತ್ತು. ಕೊನೆಯ ನಿಮಿಷಗಳಲ್ಲಿ ಪೆನ್ ಸ್ಟೇಟ್ ಇಡೀ ಅಂಗಳದಲ್ಲಿ ಬೆನ್ನು ಹತ್ತಿದಾಗ ಪರ್ಡ್ಯೂವಿನ ಹೊಸ ಗಾರ್ಡ್‌ಗಳಿಗೆ, ಅಂದರೆ ಚೆಂಡು ಮುಂದಕ್ಕೆ ತರುವ ಆಟಗಾರರಿಗೆ, ಚೆಂಡನ್ನು ಅರ್ಧ ಗೆರೆ ದಾಟಿಸುವುದೇ ಕಷ್ಟವಾಯಿತು. ದೊಡ್ಡ ಮುನ್ನಡೆ ಕರಗಿ, ಕೊನೆಗೆ 67-65ರಲ್ಲಿ ಬಚಾವಾದರು. ಕಪ್ ಗೆದ್ದರಲ್ಲ ಎಂದು ಆ ನಿಮಿಷಗಳನ್ನು ಬಹಳ ಜನ ಮರೆತರು. ಡಿಕಿನ್ಸನ್ ಎದುರು ಪರ್ಡ್ಯೂ 16 ಸಲ ಚೆಂಡು ಕಳೆದುಕೊಂಡಿತು, 26 ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಎಸೆಯುವ ಮೂರು ಅಂಕದ ಶಾಟ್) ಎಸೆದು 5 ಮಾತ್ರ ಹಾಕಿತು.

ನಾನು ಒಂದು ಮುನ್ನೋಟದಿಂದ ಕೇಳುವುದು ಇಷ್ಟೇ. ಯಾರು ಗೆಲ್ಲುತ್ತಾರೆ ಎಂದು ಹೇಳುವುದು ಆಮೇಲಿನ ಮಾತು. ಈ ತಂಡ ಯಾವ ದಾರಿಯಲ್ಲಿ ಗೆಲ್ಲುತ್ತದೆ, ಯಾವ ಪರಿಸ್ಥಿತಿಯಲ್ಲಿ ಸೋಲುತ್ತದೆ, ಅದನ್ನು ಹೆಸರಿಟ್ಟು ಹೇಳಬೇಕು. ಕೆಳಗಿರುವುದು ನಾನು ಕೆಲವು ವರ್ಷಗಳಿಂದ ಪಾಲಿಸುತ್ತಿರುವ ಕ್ರಮ. ನಾನಿರುವುದು ಉತ್ತರ ಕ್ಯಾರೊಲೈನಾದ ಕ್ಯಾರಿ ಊರಿನಲ್ಲಿ. ಡ್ಯೂಕ್, ಚಾಪೆಲ್ ಹಿಲ್, ಎನ್‌ಸಿ ಸ್ಟೇಟ್ ಮೂರೂ ಇಲ್ಲಿಂದ ಅರ್ಧ ಗಂಟೆಯ ಆಚೀಚೆ. ಮಾರ್ಚ್ ಬಂತೆಂದರೆ ಆಫೀಸಿನಲ್ಲಿ, ಮಕ್ಕಳ ಶಾಲೆಯಲ್ಲಿ, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲೂ ಇದೇ ಮಾತು. ಊರಲ್ಲಿರುವ ಗೆಳೆಯರೂ ಈಗ ರಾತ್ರಿ ಎದ್ದು ನೋಡುತ್ತಾರೆ. ಅವರು ಕೇಳಿದ ಪ್ರಶ್ನೆಗಳೇ ಈ ಬರಹಕ್ಕೆ ಕಾರಣ.

ಟೂರ್ನಿಯ ಲೆಕ್ಕಾಚಾರ

ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ನಡೆಸುವ ಈ ಪುರುಷರ ಟೂರ್ನಿ ಶುರುವಾದದ್ದು 1939ರಲ್ಲಿ. 1985ರಲ್ಲಿ 64 ತಂಡಗಳಾದವು, 2011ರಲ್ಲಿ 68. ಒಂದು ಆಟ ಸೋತರೆ ಗಂಟುಮೂಟೆ ಕಟ್ಟಬೇಕು, ಎರಡನೇ ಅವಕಾಶ ಇಲ್ಲ. 2025ರಲ್ಲಿ 31 ತಂಡಗಳು ತಮ್ಮ ಕಾನ್ಫರೆನ್ಸ್‌ಗಳಿಂದ ನೇರವಾಗಿ ಬಂದವು. ಉಳಿದ 37 ತಂಡಗಳನ್ನು 12 ಮಂದಿಯ ಸಮಿತಿ ಆರಿಸಿತು. ನಾಲ್ಕು ವಿಭಾಗ, ಪ್ರತಿ ವಿಭಾಗದಲ್ಲೂ 1ರಿಂದ 16ರವರೆಗೆ ಸೀಡ್. ಮಾರ್ಚ್ ನಡುವಿನ ಒಂದು ಭಾನುವಾರ ಸಂಜೆ ಪಟ್ಟಿ ಹೊರಬೀಳುತ್ತದೆ, ಅದೇ ಸೆಲೆಕ್ಷನ್ ಸಂಡೇ. ಭಾರತದಲ್ಲಿ ಆಗ ಸೋಮವಾರ ನಸುಕಿನ ಮೂರೂವರೆ. ಮಂಗಳವಾರ, ಬುಧವಾರ ಡೇಟನ್‌ನಲ್ಲಿ ಮೊದಲ ನಾಲ್ಕು ಆಟ. ಗುರುವಾರ ಇಲ್ಲಿಯ ಮಧ್ಯಾಹ್ನದಿಂದ, ಅಂದರೆ ಅಲ್ಲಿಯ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ, ನಿಜವಾದ ಜಾತ್ರೆ ಶುರು.

ಡೇಟನ್‌ನ ನಾಲ್ಕನ್ನು ಬಿಟ್ಟರೆ ಉಳಿಯುವ 63 ಆಟಗಳ ಫಲಿತಾಂಶವನ್ನು ನಾಣ್ಯ ಚಿಮ್ಮಿ ಹೇಳಿದರೆ ಎಲ್ಲವೂ ಸರಿಯಾಗುವ ಸಾಧ್ಯತೆ ಸುಮಾರು 92 ಸಾವಿರ ಕೋಟಿ ಕೋಟಿಯಲ್ಲಿ ಒಂದು. ಹಾಗಾಗಿ ಪೂರ್ತಿ ಸರಿ ಹೇಳುವ ಆಸೆಯನ್ನು ಇಲ್ಲೇ ಬಿಟ್ಟುಬಿಡಿ.

ಮೊದಲ ಹೆಜ್ಜೆ: ಫೆಬ್ರವರಿಯಲ್ಲೇ ನೋಟ್‌ಬುಕ್ ತೆರೆಯಿರಿ

ಭಾನುವಾರ ಪಟ್ಟಿ ಬಂದ ಮೇಲೆ ಕೂತರೆ ಗುರುವಾರದೊಳಗೆ 68 ತಂಡ ಓದಲು ಯಾರಿಂದಲೂ ಆಗದು. ಫೆಬ್ರವರಿ ಮೊದಲ ವಾರದಲ್ಲೇ ಹನ್ನೆರಡರಿಂದ ಹದಿನೈದು ತಂಡ ಆರಿಸಿಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ. ಅವುಗಳಲ್ಲಿ ಆರೇಳು, 1ರಿಂದ 4ನೇ ಸೀಡ್ ಸಿಗಬಹುದಾದ ದೊಡ್ಡ ತಂಡಗಳಿರಲಿ. ಸಮಿತಿಯೇ ಫೆಬ್ರವರಿಯಲ್ಲಿ ತನ್ನ ಕಣ್ಣಿಗೆ ಕಂಡ ಮೊದಲ 16 ತಂಡಗಳನ್ನು ಹೇಳುತ್ತದೆ, ಅದು ಒಳ್ಳೆಯ ಆರಂಭ. ನಾಲ್ಕೈದು ಮಧ್ಯಮ ತಂಡಗಳಿರಲಿ. ಉಳಿದವು ಸಣ್ಣ ಕಾನ್ಫರೆನ್ಸ್‌ಗಳಲ್ಲಿ ಮುಂದಿರುವ ತಂಡಗಳು. ಈ ಕೊನೆಯ ಗುಂಪನ್ನು ಬಿಡಬೇಡಿ. 12, 13ನೇ ಸೀಡಿಗೆ ಬರುವವರು ಇವರೇ, ಇವರ ಬಗ್ಗೆ ಓದಿದವರು ಕಡಿಮೆ.

ಒಂದು ತಂಡಕ್ಕೆ ಒಂದು ಪುಟ. ಮೇಲೆ ತಂಡದ ಹೆಸರು, ಕೋಚ್ ಹೆಸರು. ಪುಟದ ಮಧ್ಯೆ ಗೆರೆ ಎಳೆದು ಎಡಕ್ಕೆ "ಹೀಗೆ ಗೆಲ್ಲುತ್ತಾರೆ", ಬಲಕ್ಕೆ "ಹೀಗೆ ಸೋಲುತ್ತಾರೆ" ಎಂದು ಬರೆಯಿರಿ. ಮುಂದಿನ ಆರು ವಾರ ಕಂಡದ್ದೆಲ್ಲ ಈ ಎರಡರಲ್ಲಿ ಒಂದು ಕಡೆ ಹೋಗಬೇಕು. ಎಲ್ಲೂ ಹೋಗದ ಮಾಹಿತಿ ನಿಮಗೆ ಬೇಕಾಗಿಲ್ಲ ಎಂದರ್ಥ.

ಎರಡನೇ ಹೆಜ್ಜೆ: ಎಷ್ಟು ಗೆದ್ದರು ಎನ್ನುವ ಮುಂಚೆ ಎಲ್ಲಿ ಗೆದ್ದರು ನೋಡಿ

25-6 ಎಂಬ ದಾಖಲೆ ಸುಮ್ನೆ ನೋಡಿದರೆ ಏನೂ ಹೇಳುವುದಿಲ್ಲ. ಕ್ರಿಕೆಟ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿನ್ನಸ್ವಾಮಿಯಲ್ಲಿ ಹೊಡೆದ ನೂರು, ಹಸಿರು ಪಿಚ್‌ನಲ್ಲಿ ಹೊಡೆದ ನೂರು ಎರಡೂ ಒಂದೇ ಅಲ್ಲ, ಅಲ್ವಾ? ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ತವರು ಅಂಗಳದ ಬಲ ಬಹಳ ದೊಡ್ಡದು. ಸಾವಿರಾರು ವಿದ್ಯಾರ್ಥಿಗಳು ಅಂಗಳದ ಅಂಚಿನಲ್ಲೇ ನಿಂತು ಕೂಗುತ್ತಿರುತ್ತಾರೆ. ಪುರುಷರ ಟೂರ್ನಿಯಲ್ಲಿ ಆ ಬಲ ಯಾರಿಗೂ ಇಲ್ಲ, ಆಟಗಳೆಲ್ಲ ತಮ್ಮದಲ್ಲದ ಅಂಗಳದಲ್ಲಿ.

ಸಮಿತಿಯೂ ಹೀಗೇ ನೋಡುತ್ತದೆ. 2018ರಿಂದ ನೆಟ್ ಎಂಬ ಶ್ರೇಯಾಂಕ ಬಳಕೆಯಲ್ಲಿದೆ. ಅದರ ಮೇಲೆ ಪ್ರತಿ ಆಟವನ್ನೂ ನಾಲ್ಕು ಕ್ವಾಡ್‌ಗಳಲ್ಲಿ ಒಂದಕ್ಕೆ ಹಾಕುತ್ತಾರೆ. ಮೊದಲ ಕ್ವಾಡ್ ಎಂದರೆ ತವರಿನಲ್ಲಿ 1ರಿಂದ 30ರೊಳಗಿನ ತಂಡ, ತಟಸ್ಥ ಅಂಗಳದಲ್ಲಿ 1ರಿಂದ 50, ಎದುರಾಳಿಯ ಊರಿನಲ್ಲಿ 1ರಿಂದ 75. ಅಂದರೆ 70ನೇ ಸ್ಥಾನದ ತಂಡವನ್ನು ಅವರ ಊರಿನಲ್ಲಿ ಸೋಲಿಸುವುದು, 28ನೇ ಸ್ಥಾನದವರನ್ನು ನಿಮ್ಮ ಊರಿನಲ್ಲಿ ಸೋಲಿಸಿದಷ್ಟೇ ತೂಕದ ಗೆಲುವು.

ನಿಮ್ಮ ಪುಟದಲ್ಲಿ ಮೂರು ಸಾಲು ಸಾಕು: ತವರು, ಹೊರಗೆ, ತಟಸ್ಥ. ಪ್ರತಿ ಸಾಲಿನಲ್ಲಿ ಅತಿ ದೊಡ್ಡ ಗೆಲುವು, ಅತಿ ಕೆಟ್ಟ ಸೋಲು. ಎಲ್ಲ ದೊಡ್ಡ ಗೆಲುವೂ ತವರಿನವೇ ಆಗಿದ್ದರೆ ಬಲಗಡೆ ಒಂದು ಟಿಪ್ಪಣಿ ಹಾಕಿ.

ಸೋಲುಗಳು ಯಾವ ತಿಂಗಳಲ್ಲಿ ಬಂದವು ಎಂದೂ ನೋಡಿ. 2022-23ರ ಸೀಸನ್‌ನಲ್ಲಿ ಯೂಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಮೊದಲ 14 ಆಟ ಗೆದ್ದು, ಆಮೇಲೆ 8ರಲ್ಲಿ 6 ಸೋತಿತು. ಆ ಒಂದು ತಿಂಗಳಿಂದಾಗಿ ಸೀಡ್ 4ಕ್ಕೆ ಇಳಿಯಿತು. ಫೆಬ್ರವರಿಯ ಆಟ ನೋಡಿದವರಿಗೆ ತಂಡ ಚೇತರಿಸಿಕೊಂಡದ್ದು ಕಾಣುತ್ತಿತ್ತು. ಟೂರ್ನಿಯ ಆರೂ ಆಟಗಳನ್ನು ಹತ್ತಕ್ಕಿಂತ ಜಾಸ್ತಿ ಅಂಕಗಳಿಂದ ಗೆದ್ದು ಕಪ್ ಎತ್ತಿದರು.

ಮೂರನೇ ಹೆಜ್ಜೆ: ಪೊಸೆಷನ್ ಲೆಕ್ಕ, ಒಮ್ಮೆಯಾದರೂ ಕೈಯಾರೆ

ಒಂದು ತಂಡ ಆಟಕ್ಕೆ 85 ಅಂಕ ಹಾಕುತ್ತದೆ, ಇನ್ನೊಂದು 68. ಮೊದಲನೆಯದೇ ಜೋರು ಎನ್ನಲು ಆಗದು. ಓಡುತ್ತಾ ಆಡುವ ತಂಡಕ್ಕೆ ಚೆಂಡು ಜಾಸ್ತಿ ಸಲ ಸಿಗುತ್ತದೆ. ಬ್ಯಾಟ್ಸ್‌ಮನ್ ಎಷ್ಟು ರನ್ ಹೊಡೆದ ಎನ್ನುವುದರ ಜತೆಗೆ ಎಷ್ಟು ಚೆಂಡಿನಲ್ಲಿ ಎಂದು ಕೇಳುತ್ತೇವಲ್ಲ, ಇಲ್ಲೂ ಅದೇ ಪ್ರಶ್ನೆ. ಒಮ್ಮೆ ಚೆಂಡು ಕೈಗೆ ಬಂದು ಎದುರಾಳಿಗೆ ಹೋಗುವವರೆಗಿನ ಸರದಿಯೇ ಒಂದು ಪೊಸೆಷನ್. ನೂರು ಪೊಸೆಷನ್‌ಗೆ ಎಷ್ಟು ಅಂಕ ಎಂಬುದು ತಂಡದ ಸ್ಟ್ರೈಕ್ ರೇಟ್.

ಪೊಸೆಷನ್ ಎಣಿಸಲು ಇಡೀ ಆಟ ನೋಡಬೇಕಿಲ್ಲ, ಸ್ಕೋರ್ ಪಟ್ಟಿ ಸಾಕು. ಎಸೆದ ಶಾಟ್‌ಗಳಿಂದ ಆಫೆನ್ಸಿವ್ ರಿಬೌಂಡ್ (ತಮ್ಮದೇ ತಪ್ಪಿದ ಶಾಟ್ ಮತ್ತೆ ಕೈಗೆ ಬಂದದ್ದು) ಕಳೆಯಿರಿ, ಟರ್ನ್‌ಓವರ್ (ಶಾಟ್ ಎಸೆಯದೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋಗಳನ್ನು (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಒಂದು ಅಂಕದ ಎಸೆತ) 0.475ರಿಂದ ಗುಣಿಸಿ ಅದನ್ನೂ ಕೂಡಿಸಿ.

ಒಂದು ಕಾಲ್ಪನಿಕ ಆಟ ತೆಗೆದುಕೊಳ್ಳೋಣ. ತಂಡ 60 ಶಾಟ್ ಎಸೆದು 26 ಹಾಕಿತು, ಅದರಲ್ಲಿ 8 ತ್ರೀ ಪಾಯಿಂಟರ್. 20 ಫ್ರೀ ಥ್ರೋನಲ್ಲಿ 15 ಒಳಗೆ. ಒಟ್ಟು 75 ಅಂಕ. ಆಫೆನ್ಸಿವ್ ರಿಬೌಂಡ್ 10, ಟರ್ನ್‌ಓವರ್ 12. ಈಗ 60ರಲ್ಲಿ 10 ಕಳೆದರೆ 50, ಅದಕ್ಕೆ 12 ಸೇರಿ 62, ಫ್ರೀ ಥ್ರೋ ಪಾಲು 9.5. ಒಟ್ಟು 71.5 ಪೊಸೆಷನ್. 75ನ್ನು 71.5ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 105. ನೂರು ಸರದಿಗೆ 105 ಅಂಕ. ಪರವಾಗಿಲ್ಲ ಅನ್ನಬಹುದಾದ ಆಟ, ಚಾಂಪಿಯನ್ ಆಟ ಅಲ್ಲ.

ಇಡೀ ಸೀಸನ್‌ಗೆ ನೀವೇ ಮಾಡಬೇಕಿಲ್ಲ. ಕೆನ್ ಪಾಮರಾಯ್ ಅವರ ಪಟ್ಟಿ ಎದುರಾಳಿಯ ಬಲವನ್ನೂ ಲೆಕ್ಕಕ್ಕೆ ಹಿಡಿದು ಈ ಸಂಖ್ಯೆಯನ್ನು ಸರಿಹೊಂದಿಸಿ ಕೊಡುತ್ತದೆ. ಬಾರ್ಟ್ ಟೋರ್ವಿಕ್ ಅವರ ತಾಣ ಉಚಿತ, ಅಲ್ಲಿ ದಿನಾಂಕ ಹಾಕಿ "ಫೆಬ್ರವರಿ 1ರಿಂದ ಈಚೆಗೆ" ಎಂದು ಕೇಳಬಹುದು. ಯೂಕಾನ್‌ನಂಥ ತಂಡವನ್ನು ಹಿಡಿಯಲು ಇದು ಬಹಳ ಉಪಯೋಗ. ಆದರೂ ಒಮ್ಮೆ ಕೈಯಲ್ಲಿ ಲೆಕ್ಕ ಮಾಡಿ. ಆಮೇಲೆ ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬ ಗೊಂದಲ ಇರುವುದಿಲ್ಲ.

ಆಟದ ವೇಗವನ್ನೂ ಬರೆದಿಡಿ. ನಿಧಾನಕ್ಕೆ ಆಡುವ ಬಲಿಷ್ಠ ತಂಡ ತನಗೆ ಗೊತ್ತಿಲ್ಲದೆ ದುರ್ಬಲ ತಂಡಕ್ಕೆ ಸಹಾಯ ಮಾಡುತ್ತದೆ. ಸರದಿ ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚು. ಟೆಸ್ಟ್‌ಗಿಂತ ಟಿ20ಯಲ್ಲಿ ಸಣ್ಣ ತಂಡ ದೊಡ್ಡ ತಂಡವನ್ನು ಸೋಲಿಸುವುದು ಸುಲಭ, ಕಾರಣ ಇದೇ.

ನಾಲ್ಕನೇ ಹೆಜ್ಜೆ: ಆ ಸಂಖ್ಯೆಯನ್ನು ನಾಲ್ಕು ಭಾಗ ಮಾಡಿ

ಡೀನ್ ಆಲಿವರ್ ಎಂಬ ವಿಶ್ಲೇಷಕರು ಇದನ್ನು ನಾಲ್ಕು ಪ್ರಶ್ನೆಗಳಾಗಿ ಒಡೆದರು. ಶಾಟ್ ಎಷ್ಟು ಚೆನ್ನಾಗಿ ಬೀಳುತ್ತದೆ? ಚೆಂಡು ಎಷ್ಟು ಸಲ ಕಳೆದುಹೋಗುತ್ತದೆ? ತಪ್ಪಿದ ಶಾಟ್ ಎಷ್ಟು ಸಲ ಮತ್ತೆ ಕೈಗೆ ಬರುತ್ತದೆ? ಫ್ರೀ ಥ್ರೋ ಗೆರೆಗೆ ಎಷ್ಟು ಸಲ ಹೋಗುತ್ತಾರೆ? ಮೇಲಿನ ಆಟದಲ್ಲೇ ನೋಡಿ. ತ್ರೀ ಪಾಯಿಂಟರ್‌ಗೆ ಅರ್ಧ ಹೆಚ್ಚಿನ ಬೆಲೆ ಕೊಟ್ಟರೆ 26ಕ್ಕೆ 4 ಸೇರಿ 30, ಅದು 60ರಲ್ಲಿ 50 ಶೇಕಡ. ಟರ್ನ್‌ಓವರ್ 71.5ರಲ್ಲಿ 12, ಸುಮಾರು 17 ಶೇಕಡ. ಎದುರಾಳಿ ಆ ಬುಟ್ಟಿಯ ಕೆಳಗೆ 24 ರಿಬೌಂಡ್ ಹಿಡಿದಿದ್ದರೆ, ಸಿಗಬಹುದಾಗಿದ್ದ 34ರಲ್ಲಿ ನಮ್ಮವರಿಗೆ 10, ಅಂದರೆ 29 ಶೇಕಡ. ಫ್ರೀ ಥ್ರೋ, 60 ಶಾಟ್‌ಗೆ 20.

ನಾಲ್ಕರಲ್ಲೂ ಒಳ್ಳೆಯ ತಂಡ ಅಪರೂಪ. ಹೆಚ್ಚಿನ ತಂಡಗಳು ಎರಡರ ಮೇಲೆ ಬದುಕುತ್ತವೆ. ಯಾವ ಎರಡು ಎಂದು ಕಂಡುಹಿಡಿಯುವುದೇ ಅರ್ಧ ಕೆಲಸ. ಕೆಲ್ವಿನ್ ಸ್ಯಾಂಪ್ಸನ್ ಅವರ ಹ್ಯೂಸ್ಟನ್ ತಂಡ ನೋಡಿ. ಅವರ ಶಾಟ್ ಬೀಳದ ದಿನವೂ ತಪ್ಪಿದ ಚೆಂಡಿಗೆ ಮೂವರು ನುಗ್ಗುತ್ತಾರೆ, ಎದುರಾಳಿಗೆ ಒಂದು ಸಲೀಸಾದ ಶಾಟ್ ಕೊಡುವುದಿಲ್ಲ. ಅಂಥ ತಂಡ ಕೆಟ್ಟ ದಿನದಲ್ಲೂ ಬದುಕುತ್ತದೆ. ಬರೀ ತ್ರೀ ಪಾಯಿಂಟರ್ ನಂಬಿದ ತಂಡಕ್ಕೆ ಆ ಭಾಗ್ಯವಿಲ್ಲ.

ಇಲ್ಲೊಂದು ಎಚ್ಚರ. "ಈ ತಂಡದ ಎದುರು ತ್ರೀ ಪಾಯಿಂಟರ್ ಬೀಳುವುದೇ ಇಲ್ಲ, ಎಂಥ ಡಿಫೆನ್ಸ್!" ಎಂದು ತಕ್ಷಣ ಬರೆಯಬೇಡಿ. ಎದುರಾಳಿ ಎಷ್ಟು ತ್ರೀ ಎಸೆಯುತ್ತಾನೆ ಎಂಬುದು ಡಿಫೆನ್ಸ್ ಕೈಯಲ್ಲಿದೆ. ಎಸೆದದ್ದು ಬೀಳುತ್ತದೋ ಇಲ್ಲವೋ ಎಂಬುದು ಬಹುಪಾಲು ಅದೃಷ್ಟ. ಎದುರಾಳಿಯ ತ್ರೀ ಶೇಕಡಾವಾರು ತೀರಾ ಕಡಿಮೆ ಇದ್ದರೆ, ಆ ಅದೃಷ್ಟ ಮಾರ್ಚ್‌ನಲ್ಲಿ ತಿರುಗಬಹುದು ಎಂದು ಬಲಗಡೆ ಬರೆದಿಡಿ.

ಐದನೇ ಹೆಜ್ಜೆ: ಕೂತು ಆಟ ನೋಡಿ

ಸಂಖ್ಯೆ ಎಲ್ಲಿ ನೋಡಬೇಕೆಂದು ಹೇಳುತ್ತದೆ, ಏನಾಗುತ್ತಿದೆ ಎಂದು ಹೇಳುವುದಿಲ್ಲ. ಒಂದು ತಂಡಕ್ಕೆ ಎರಡು ಆಟ ಪೂರ್ತಿ ನೋಡಿ: ಹೊರಗೆ ಗೆದ್ದ ಒಂದು, ಸೋತ ಒಂದು. ಸಮಯ ಒಂದಕ್ಕೇ ಇದ್ದರೆ ಸೋತದ್ದನ್ನೇ ನೋಡಿ. ಟಿವಿಯ ಸದ್ದು ನಿಲ್ಲಿಸಿ ನೋಡುವುದು ನನ್ನ ಅಭ್ಯಾಸ. ವೀಕ್ಷಕ ವಿವರಣೆ ಚೆಂಡಿನ ಹಿಂದೆ ಓಡುತ್ತದೆ, ನಿಮಗೆ ಬೇಕಾದದ್ದು ಚೆಂಡಿಲ್ಲದ ಕಡೆ ನಡೆಯುತ್ತಿರುತ್ತದೆ.

ನಾನು ನೋಡುವುದು ಮುಖ್ಯವಾಗಿ ಮೂರು. ಎದುರಾಳಿ ಅಡ್ಡ ನಿಂತು ಸ್ಕ್ರೀನ್ ಹಾಕಿದಾಗ ದೊಡ್ಡ ಆಟಗಾರ ಏನು ಮಾಡುತ್ತಾನೆ? ಹಿಂದೆ ಸರಿದು ಬುಟ್ಟಿ ಕಾಯುತ್ತಾನೋ, ಮುಂದೆ ಬಂದು ಗಾರ್ಡ್‌ನನ್ನು ತಡೆಯುತ್ತಾನೋ, ಇಬ್ಬರೂ ಆಳು ಬದಲಿಸಿಕೊಳ್ಳುತ್ತಾರೋ? ಹಿಂದೆ ಸರಿಯುವ ತಂಡದ ಎದುರು ಸ್ಕ್ರೀನ್ ದಾಟಿದ ಕೂಡಲೇ ನಿಂತು ಎಸೆಯಬಲ್ಲ ಗಾರ್ಡ್ ಬಂದರೆ ಕಷ್ಟ. ಎರಡನೆಯದು, ಪೂರ್ತಿ ಅಂಗಳದಲ್ಲಿ ಒತ್ತಡ ಹಾಕಿದಾಗ ಚೆಂಡು ಯಾರು ತರುತ್ತಾರೆ? ಒಬ್ಬನೇ ತರುತ್ತಿದ್ದರೆ, ಅವನು ಬೆಂಚಿನಲ್ಲಿ ಕೂತ ಎರಡು ನಿಮಿಷ ಏನಾಗುತ್ತದೆ? ಮೂರನೆಯದು, ಕೊನೆಯ ನಾಲ್ಕು ನಿಮಿಷದಲ್ಲಿ, ಶಾಟ್ ಕ್ಲಾಕಿನ (ಶಾಟ್ ಎಸೆಯಲು ಇರುವ ಗಡುವು) 30 ಸೆಕೆಂಡಿನಲ್ಲಿ 10 ಉಳಿದಾಗ ಚೆಂಡು ಯಾರ ಕೈಗೆ ಹೋಗುತ್ತದೆ?

2023ರ ಪರ್ಡ್ಯೂ ಪುಟದಲ್ಲಿ ಎರಡನೇ ಪ್ರಶ್ನೆಗೆ ಉತ್ತರ ಖಾಲಿ ಇತ್ತು. ಬ್ರೇಡನ್ ಸ್ಮಿತ್, ಫ್ಲೆಚರ್ ಲೊಯರ್ ಇಬ್ಬರೂ ಮೊದಲ ವರ್ಷದ ಹುಡುಗರು.

ಆರನೇ ಹೆಜ್ಜೆ: ಯಾರಿದ್ದಾರೆ, ಯಾರಿಲ್ಲ

ಈಗ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದು ಸುಲಭವಾಗಿದೆ. 2021ರ ಜುಲೈನಿಂದ ತಮ್ಮ ಹೆಸರಿನ ಮೇಲೆ ಹಣ ಗಳಿಸಲೂ ಅವಕಾಶ ಇದೆ. ಹೋದ ವರ್ಷದ ತಂಡವನ್ನು ನೆನಪಿಟ್ಟುಕೊಂಡು ಈ ವರ್ಷದ್ದನ್ನು ಬರೆದರೆ ತಪ್ಪಾಗುತ್ತದೆ. 2025ರಲ್ಲಿ ಫ್ಲೋರಿಡಾಗೆ ಕಪ್ ಗೆದ್ದುಕೊಟ್ಟ ವಾಲ್ಟರ್ ಕ್ಲೇಟನ್ ಮೊದಲು ಆಡಿದ್ದು ಅಯೋನಾ ಎಂಬ ಸಣ್ಣ ಕಾಲೇಜಿಗೆ. ಡಿಕಿನ್ಸನ್‌ನ ಆಗಿನ ಕೋಚ್ ಟೋಬಿನ್ ಆಂಡರ್ಸನ್ ತಮ್ಮ ಹಳೆಯ ಡಿವಿಷನ್ ಎರಡರ ಕಾಲೇಜಿನಿಂದ ಆಟಗಾರರನ್ನು ಜತೆಗೇ ಕರೆತಂದಿದ್ದರು. ಹೊಸ ತಂಡ ಎಂದು ಕಾಗದದಲ್ಲಿ ಇತ್ತು. ಆಡುವವರಿಗೆ ಕೋಚ್‌ನ ಮನಸ್ಸು ಮೊದಲೇ ಗೊತ್ತಿತ್ತು.

ಗಾಯದ ಸುದ್ದಿಯನ್ನು ಮಾತ್ರ ದಿನಾ ನೋಡಿ. ಇದನ್ನು ನಾನು ಕಲಿತದ್ದು 2018ರಲ್ಲಿ. ವರ್ಜೀನಿಯಾ 31-2, ಟೂರ್ನಿಯ ಒಟ್ಟಾರೆ ಮೊದಲ ಸೀಡ್. ಆಫೀಸಿನ ಬ್ರಾಕೆಟ್‌ನಲ್ಲಿ (ಎಲ್ಲ ಆಟಗಳ ಫಲಿತಾಂಶ ಊಹಿಸಿ ತುಂಬುವ ಪಟ್ಟಿ) ಅವರೇ ಚಾಂಪಿಯನ್ ಎಂದು ಬರೆದುಕೊಟ್ಟೆ. ಅವರ ಡೀಆಂಡ್ರೆ ಹಂಟರ್ ಮಣಿಕಟ್ಟು ಮುರಿದು ಟೂರ್ನಿಯಿಂದ ಹೊರಗೆ ಎಂಬ ಸುದ್ದಿಯನ್ನು ಓದಿರಲೇ ಇಲ್ಲ. ಅವನು ಬೆಂಚಿನಿಂದ ಬರುವವನು, ಆದರೆ ಎತ್ತರವೂ ಇದ್ದು ಹೊರಗೆ ಬಂದು ಗಾರ್ಡ್‌ಗಳನ್ನೂ ಕಾಯಬಲ್ಲವನು. ಮಾರ್ಚ್ 16ರ ರಾತ್ರಿ ಶಾರ್ಲೆಟ್‌ನಲ್ಲಿ 16ನೇ ಸೀಡ್ ಯುಎಂಬಿಸಿ (ಮೇರಿಲ್ಯಾಂಡ್‌ನ ಒಂದು ವಿಶ್ವವಿದ್ಯಾಲಯ) ಎದುರು ಅರ್ಧ ಆಟಕ್ಕೆ 21-21. ಉಳಿದರ್ಧದಲ್ಲಿ ಯುಎಂಬಿಸಿ 53 ಅಂಕ ಹಾಕಿತು. 24 ತ್ರೀ ಪಾಯಿಂಟರ್‌ನಲ್ಲಿ 12 ಒಳಗೆ. 74-54. ಪುರುಷರ ಟೂರ್ನಿಯಲ್ಲಿ 16ನೇ ಸೀಡ್ 1ನೇ ಸೀಡನ್ನು ಸೋಲಿಸಿದ್ದು ಅದೇ ಮೊದಲು. ಆ ಭಾನುವಾರ ಯುಗಾದಿ. ಹೋಳಿಗೆ ತಿನ್ನುತ್ತಾ ಎಲ್ಲರೂ ಅದನ್ನೇ ಮಾತಾಡಿದೆವು. ಹಂಟರ್ ಮರಳಿದ ಮೇಲೆ, 2019ರಲ್ಲಿ, ಅದೇ ವರ್ಜೀನಿಯಾ ಟೆಕ್ಸಸ್ ಟೆಕ್ ಎದುರು 85-77ರಲ್ಲಿ ಕಪ್ ಗೆದ್ದಿತು.

ಏಳನೇ ಹೆಜ್ಜೆ: ಕಾನ್ಫರೆನ್ಸ್ ವಾರದಲ್ಲಿ ಮನಸ್ಸು ಗಟ್ಟಿ ಇರಲಿ

ಮಾರ್ಚ್ ಎರಡನೇ ವಾರ ಕಾನ್ಫರೆನ್ಸ್ ಟೂರ್ನಿಗಳ ಗದ್ದಲ. ಆರು ವಾರ ಬರೆದದ್ದನ್ನು ಒಂದು ಆಟಕ್ಕಾಗಿ ಹೊಡೆದುಹಾಕಬೇಡಿ. ದೊಡ್ಡ ತಂಡ ಗುರುವಾರವೇ ಸೋತು ಮನೆಗೆ ಹೋದರೆ ಎರಡು ದಿನ ಕಾಲು ಚಾಚಿ ಕೂರುತ್ತದೆ, ಅಷ್ಟೇ. ಆದರೆ ಕಣ್ಣು ಮುಚ್ಚಲೂ ಬೇಡಿ. 2024ರಲ್ಲಿ ನಮ್ಮ ಊರ ಪಕ್ಕದ ಎನ್‌ಸಿ ಸ್ಟೇಟ್ ಐದು ದಿನದಲ್ಲಿ ಐದು ಆಟ ಗೆದ್ದು ಎಸಿಸಿ ಎಂಬ ತನ್ನ ಕಾನ್ಫರೆನ್ಸಿನ ಕಪ್ ಹಿಡಿಯಿತು. ಗೆಲ್ಲದಿದ್ದರೆ ಟೂರ್ನಿಗೇ ಬರುತ್ತಿರಲಿಲ್ಲ. 11ನೇ ಸೀಡ್ ಆಗಿ ಬಂದು ಕೊನೆಯ ನಾಲ್ಕರವರೆಗೆ ಹೋಯಿತು. ಆ ಕಾಲೇಜಿರುವ ರಾಲಿಯ ಬೀದಿಗಳಲ್ಲಿ ಆ ವಾರ ತಂಡದ ಕೆಂಪು ಬಿಟ್ಟು ಬೇರೆ ಬಣ್ಣ ಕಾಣುತ್ತಿರಲಿಲ್ಲ.

ಈ ವಾರ ಹೊಸ ಫಲಿತಾಂಶಕ್ಕಿಂತ ಹೊಸ ದೌರ್ಬಲ್ಯ ಹುಡುಕಿ. ಪೆನ್ ಸ್ಟೇಟ್ ತೋರಿಸಿಕೊಟ್ಟದ್ದು ಅಂಥದ್ದು.

ಎಂಟನೇ ಹೆಜ್ಜೆ: ಎದುರಾಳಿ ಯಾರೆಂದು ಗೊತ್ತಾದ ರಾತ್ರಿ

ಪಟ್ಟಿ ಬಂದ ಕೂಡಲೇ ಎರಡು ಪುಟಗಳನ್ನು ಪಕ್ಕ ಪಕ್ಕ ಇಡಿ. ಒಬ್ಬರ ಎಡಗಡೆಯ ಸಾಲುಗಳನ್ನು ಇನ್ನೊಬ್ಬರ ಬಲಗಡೆಯ ಸಾಲುಗಳ ಜತೆ ಹೊಂದಿಸಿ. ಒಂದು ತಂಡ ಗೆಲ್ಲುವ ದಾರಿಯೂ ಇನ್ನೊಂದು ಸೋಲುವ ದಾರಿಯೂ ಒಂದೇ ಆಗಿದ್ದರೆ ಅಲ್ಲಿ ನಿಲ್ಲಿ.

ಸೀಡ್‌ಗಳ ಇತಿಹಾಸವನ್ನು ತಕ್ಕಡಿಯಂತೆ ಪಕ್ಕದಲ್ಲಿಟ್ಟುಕೊಳ್ಳಿ. 1985ರಿಂದ 2025ರವರೆಗೆ 160 ಆಟಗಳಲ್ಲಿ 16ನೇ ಸೀಡ್ ಗೆದ್ದದ್ದು 2 ಸಲ. 15ನೇ ಸೀಡ್ ಗೆದ್ದದ್ದು 11 ಸಲ. 12ನೇ ಸೀಡ್ 5ನೇ ಸೀಡನ್ನು ಸೋಲಿಸುವುದು ಮಾತ್ರ ಹತ್ತಿರ ಹತ್ತಿರ ಮೂರಕ್ಕೊಂದು ಸಲ. ಹಾಗಾಗಿ ನಿಮ್ಮ ಶ್ರಮವನ್ನು 5-12, 6-11 ಆಟಗಳಲ್ಲಿ ಹಾಕಿ.

ಹೊಂದಾಣಿಕೆ ಓದುವುದು ಹೇಗೆಂದು ಕಲಿಯಲು 2024ರ ಫೈನಲ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮತ್ತೆ ಪರ್ಡ್ಯೂ, ಎದುರಿಗೆ ಯೂಕಾನ್. ಸ್ಮಿತ್, ಲೊಯರ್ ಒಂದು ವರ್ಷ ಬಲಿತಿದ್ದರು. ಚೆಂಡು ತರಲು ಲ್ಯಾನ್ಸ್ ಜೋನ್ಸ್ ಎಂಬ ಅನುಭವಿ ಹೊಸದಾಗಿ ಸೇರಿದ್ದ. ಹಿಂದಿನ ವರ್ಷದ ರೋಗಕ್ಕೆ ಕೋಚ್ ಮ್ಯಾಟ್ ಪೇಂಟರ್ ಮದ್ದು ಹುಡುಕಿದ್ದರು. ಆ ವರ್ಷದ ಪರ್ಡ್ಯೂ ಗೆಲ್ಲುವ ದಾರಿ ಹೀಗಿತ್ತು: ಈಡಿಗೆ ಚೆಂಡು ಕೊಡು, ಅವನ ಮೇಲೆ ಇಬ್ಬರು ಬೀಳುತ್ತಾರೆ, ಆಗ ಹೊರಗೆ ಯಾರೋ ಒಬ್ಬ ಬಿಡುವಾಗಿರುತ್ತಾನೆ, ಅವನು ತ್ರೀ ಹೊಡೆಯುತ್ತಾನೆ. ಯೂಕಾನ್ ಆ ಇಬ್ಬರನ್ನು ಕಳಿಸಲೇ ಇಲ್ಲ. 7 ಅಡಿ 2 ಇಂಚಿನ ಡೊನೊವನ್ ಕ್ಲಿಂಗನ್ ಈಡಿಯ ಜತೆ ಒಬ್ಬನೇ ಗುದ್ದಾಡಿದ. ಉಳಿದ ನಾಲ್ವರು ತಮ್ಮ ತಮ್ಮ ಆಳನ್ನು ಬಿಟ್ಟು ಕದಲಲಿಲ್ಲ. ಈಡಿ 37 ಅಂಕ ಹಾಕಿದ. ಇಡೀ ಪರ್ಡ್ಯೂ ಎಸೆದ ತ್ರೀ 7, ಬಿದ್ದದ್ದು 1. ಸ್ಕೋರ್ 75-60. ಒಬ್ಬ 37 ಹಾಕಿಯೂ ತಂಡ ಸೋತದ್ದು ಹೇಗೆ ಎಂದು ಕೇಳುವವರಿಗೆ ಉತ್ತರ ಆ 7 ಎಂಬ ಸಂಖ್ಯೆಯಲ್ಲಿದೆ.

ಇನ್ನೊಂದು ಮಾತು. ಮೊದಲ ಆಟಕ್ಕೆ ತಯಾರಾಗಲು ನಾಲ್ಕು ದಿನ ಸಿಗುತ್ತದೆ, ಗೆದ್ದರೆ ಮುಂದಿನ ಆಟಕ್ಕೆ ನಡುವೆ ಒಂದೇ ದಿನ. ವಿಚಿತ್ರ ಶೈಲಿಯ ತಂಡ, ಅಂದರೆ ಬಿಡದೆ ಪ್ರೆಸ್ ಮಾಡುವವರು (ಇಡೀ ಅಂಗಳದಲ್ಲಿ ಬೆನ್ನು ಹತ್ತುವವರು) ಅಥವಾ ಜೋನ್ ಆಡುವವರು (ಆಳಿನ ಬದಲು ಜಾಗ ಕಾಯುವವರು), ಆ ಎರಡನೇ ಆಟದಲ್ಲಿ ಜಾಸ್ತಿ ಅಪಾಯ. ಊರು ಎಷ್ಟು ದೂರ ಎಂದೂ ನೋಡಿ. ಮನೆಯಿಂದ ಎರಡು ಗಂಟೆಯ ದಾರಿಯಲ್ಲಿ ಆಡುವ ತಂಡಕ್ಕೆ ಅರ್ಧ ಗ್ಯಾಲರಿ ತನ್ನದೇ.

ಮಹಿಳೆಯರ ಟೂರ್ನಿಗೆ ಬರೆಯುವುದಾದರೆ ಈ ಕೊನೆಯ ಮಾತು ಪೂರ್ತಿ ಬದಲಾಗುತ್ತದೆ. ಅಲ್ಲಿ ಮೊದಲ 16 ತಂಡಗಳು ಮೊದಲ ಎರಡು ಸುತ್ತನ್ನು ತಮ್ಮ ಅಂಗಳದಲ್ಲೇ ಆಡುತ್ತವೆ. ಹಾಗಾಗಿ ತವರಿನ ದಾಖಲೆಗೆ ಮೊದಲ ವಾರ ಪೂರ್ತಿ ಬೆಲೆ ಕೊಡಿ. ದೊಡ್ಡ ಅಚ್ಚರಿಗಳೂ ಅಲ್ಲಿ ಕಡಿಮೆ. 2022ರಿಂದ ಅಲ್ಲೂ 68 ತಂಡ.

ಒಂಬತ್ತನೇ ಹೆಜ್ಜೆ: ಬರೆಯುವುದು

ಒಂದು ತಂಡಕ್ಕೆ ಒಂದೂವರೆ ನೂರು ಪದ ಸಾಕು. ಕಾಲೇಜಿನ ಇತಿಹಾಸ ಬೇಡ. "ಬಲಿಷ್ಠ ತಂಡ", "ಉತ್ತಮ ಫಾರ್ಮ್", "ಏನು ಬೇಕಾದರೂ ಆಗಬಹುದು" ಎಂಬ ಮಾತುಗಳನ್ನು ತೆಗೆದುಹಾಕಿ, ಅವು ಎಲ್ಲ ತಂಡಕ್ಕೂ ಹೊಂದುತ್ತವೆ. ಮೊದಲ ವಾಕ್ಯದಲ್ಲೇ ಗೆಲ್ಲುವ ದಾರಿ ಹೇಳಿ. ಕೊನೆಯಲ್ಲಿ ಷರತ್ತು ಹೇಳಿ, ಎದುರಾಳಿ ಇಂಥದ್ದು ಮಾಡಿದರೆ ಇವರು ಸೋಲುತ್ತಾರೆ ಎಂದು. ಸಂಖ್ಯೆ ಎರಡೋ ಮೂರೋ ಇರಲಿ.

2023ರ ಆ ಭಾನುವಾರ ರಾತ್ರಿ ಪರ್ಡ್ಯೂ ಬಗ್ಗೆ ಹೀಗೆ ಬರೆಯಬಹುದಿತ್ತು:

"29-5, ಬಿಗ್ ಟೆನ್ ಲೀಗೂ ಇವರದೇ, ಕಪ್ಪೂ ಇವರದೇ. ದಾರಿ ಒಂದೇ: ಚೆಂಡು ಈಡಿಗೆ ತಲುಪಬೇಕು. ತಲುಪಿದರೆ ಅಂಕ, ಇಲ್ಲವೇ ಫೌಲ್, ಇಲ್ಲವೇ ತಪ್ಪಿದ ಶಾಟ್‌ಗೆ ಅವನದೇ ರಿಬೌಂಡ್. ಅರ್ಧ ಅಂಗಳದಲ್ಲಿ ನಿಂತು ಆಡುವ ಯಾವ ತಂಡಕ್ಕೂ ಇದಕ್ಕೆ ಉತ್ತರ ಇಲ್ಲ. ಆದರೆ ಚೆಂಡು ತರುವ ಇಬ್ಬರೂ ಮೊದಲ ವರ್ಷದವರು. ಪೆನ್ ಸ್ಟೇಟ್ ಕೊನೆಯಲ್ಲಿ ಪ್ರೆಸ್ ಹಾಕಿದಾಗ ಏನಾಯಿತೆಂದು ನೋಡಿದೆವು. ಗಾತ್ರದ ಹಂಗಿಲ್ಲದೆ ನಲವತ್ತು ನಿಮಿಷವೂ ಬೆನ್ನು ಹತ್ತುವ ಪುಟ್ಟ, ಚುರುಕು ತಂಡ ಸಿಕ್ಕರೆ, ಆ ದಿನ ಹೊರಗಿನ ಶಾಟ್ ಕೂಡ ಬೀಳದಿದ್ದರೆ, ಇವರು ಬೇಗ ಮನೆಗೆ ಹೋಗುತ್ತಾರೆ."

ಇದರಲ್ಲಿ ಡಿಕಿನ್ಸನ್ ಹೆಸರಿಲ್ಲ, ಭವಿಷ್ಯವೂ ಇಲ್ಲ. ಆದರೆ ಓದಿದವರು ಆಟದ ಮೊದಲ ಐದು ನಿಮಿಷದಲ್ಲೇ ಎಲ್ಲಿ ನೋಡಬೇಕೆಂದು ತಿಳಿದು ಕೂರುತ್ತಿದ್ದರು.

ಯಾರು ಗೆಲ್ಲುತ್ತಾರೆ ಎಂದು ಕೇಳಿದರೆ ಹೇಳಲೇಬೇಕು, ಜಾರಿಕೊಳ್ಳಬಾರದು. ನೂರಕ್ಕೆ ಇಷ್ಟು ಎಂದು ಹೇಳಿ. ನೂರಕ್ಕೆ 70 ಎಂದರೆ ಅಂಥ ಹತ್ತು ಆಟಗಳಲ್ಲಿ ಮೂರು ಸೋಲಬೇಕು ಎಂಬುದು ನಿಮಗೂ ಓದುವವರಿಗೂ ನೆನಪಿರಲಿ.

ಕೊನೆಯ ಹೆಜ್ಜೆ: ಏಪ್ರಿಲ್‌ನಲ್ಲಿ ಪುಟ ತಿರುಗಿಸಿ

ಫೈನಲ್ ಸೋಮವಾರ ರಾತ್ರಿ. ಬೆಂಗಳೂರಲ್ಲಿ ಆಗ ಮಂಗಳವಾರ ಬೆಳಿಗ್ಗೆ ಆರು ದಾಟಿರುತ್ತದೆ, ಕಾಫಿ ಹೊತ್ತು. ಆ ವಾರವೇ ನಿಮ್ಮ ಹದಿನೈದು ಪುಟ ತೆರೆಯಿರಿ. ಪ್ರತಿ ತಂಡ ಸೋತ ಆಟದ ಸ್ಕೋರ್ ಪಟ್ಟಿ ಪಕ್ಕದಲ್ಲಿಡಿ. ನೀವು ಬಲಗಡೆ ಬರೆದ ಕಾರಣಕ್ಕೇ ಸೋತಿದ್ದರೆ ಹಸಿರು ಗುರುತು, ಬೇರೆ ಕಾರಣಕ್ಕೆ ಸೋತಿದ್ದರೆ ಕೆಂಪು. ಗೆಲ್ಲುತ್ತಾರೆ ಎಂದದ್ದು ಸರಿಯಾಯಿತೋ ಇಲ್ಲವೋ ಎಂಬುದಕ್ಕೆ ಬೇರೆ ಕಾಲಂ ಮಾಡಿ, ಎರಡನ್ನೂ ಬೆರೆಸಬೇಡಿ.

ನನ್ನ ನೋಟ್‌ಬುಕ್‌ನಲ್ಲಿ ಕೆಂಪು ಗುರುತು ಹೆಚ್ಚು ಬಿದ್ದದ್ದು ಒಂದೇ ವಿಷಯಕ್ಕೆ: ಮುಖ್ಯ ಆಟಗಾರ ಎರಡು ಫೌಲ್ ಮಾಡಿ ಮೊದಲರ್ಧದಲ್ಲೇ ಬೆಂಚಿಗೆ ಹೋದಾಗ ಬರುವ ಹುಡುಗ ಯಾರು ಎಂದು ನಾನು ಬರೆದಿರಲಿಲ್ಲ. ಈಗ ಪ್ರತಿ ಪುಟದ ಕೆಳಗೆ ಆರನೇ, ಏಳನೇ ಆಟಗಾರನ ಹೆಸರಿಗೆ ಎರಡು ಸಾಲು ಖಾಲಿ ಬಿಟ್ಟಿರುತ್ತೇನೆ. ಫೆಬ್ರವರಿಯಲ್ಲಿ ಮೊದಲು ತುಂಬುವುದು ಆ ಸಾಲುಗಳನ್ನೇ.